ನಡುವಿನ ಗಿಡ್ಡ ಗೆರೆ

ನಮ್ಮನೆಯವರನ್ನು ಸುಳ್ಳುಗಾರ ಎಂದವರ ಎದುರು ಕೂತು ನಾನು ಕಾಫಿ ಕುಡಿಯುವವಳಲ್ಲ. ಆದರೆ ಅವತ್ತು ಹಾಸನದಲ್ಲಿ ಅರ್ಧ ಲೋಟ ಕುಡಿದುಬಿಟ್ಟೆ. ಲೋಟ ಕೈಗೆ ಬಂದ ಮೇಲಲ್ಲವೇ ಆ ಮಾತು ಬಂದದ್ದು. ಉಳಿದರ್ಧವನ್ನು ಅಲ್ಲೇ ಮೇಜಿನ ಮೇಲೆ ಇಟ್ಟೆ. ಒಳ್ಳೇ ಕಾಫಿ, ಆರಿ ಹೋಯಿತು.

ನಮ್ಮನೆಯವರು ಎಂದರೆ ಹೊಳೆನರಸೀಪುರದ ಚಂದ್ರಶೇಖರಯ್ಯ. ಗಂಡನ ಹೆಸರು ಹೇಳುವುದು ನಮ್ಮ ಕಾಲದವರಿಗೆ ರೂಢಿಯಿಲ್ಲ. ಈಗ ಹಾಸನದ ಕಾಲೇಜೊಂದರಲ್ಲಿ ಅಷ್ಟು ದೊಡ್ಡ ಬೋರ್ಡಿನ ಮೇಲೆ ‘ಚಂದ್ರಶೇಖರಯ್ಯ ಕಡಲ ಸಂಗ್ರಹ’ ಎಂದು ಬರೆಸಿದ್ದಾರೆ. ಇನ್ನು ಶಿವಗಂಗಮ್ಮ ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೇನು ಲಾಭ?

ಹಾಸನದಲ್ಲಿ ಎಲ್ಲಿಯ ಕಡಲು ಎಂದು ನಗುವವರು ನಗಲಿ. ನಮ್ಮ ನೆಂಟರು ಮೊದಲಿಂದಲೂ ನಕ್ಕರು. ಲಿಂಗ ಕಟ್ಟಿದ ಮನೆ, ಮೊಟ್ಟೆಯನ್ನೂ ಮುಟ್ಟದ ಮನೆ, ಆ ಮನೆಯ ಹುಡುಗನಿಗೆ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ. ನನ್ನನ್ನು ನೋಡಲು ಬಂದಾಗ ಅರಕಲಗೂಡಿನ ನಮ್ಮಪ್ಪ ‘ಹುಡುಗನಿಗೆ ಏನು ಕೆಲಸ’ ಎಂದು ಕೇಳಿದರೆ ಇವರ ಕಡೆಯವರು ‘ಸರ್ಕಾರಿ ಕೆಲಸ’ ಎಂದಷ್ಟೇ ಹೇಳಿ ಉಪ್ಪಿಟ್ಟಿನ ಕಡೆ ನೋಡಿದ್ದರು.

ಹೊನ್ನಾವರ, ಕಾರವಾರ, ಮಲ್ಪೆ, ಹೀಗೆ ಇವರ ಅರ್ಧ ಆಯಸ್ಸು ಕರಾವಳಿಯಲ್ಲೇ ಕಳೆಯಿತು. ಕೊನೆಗೆ ಗೊರೂರಿಗೆ ವರ್ಗ ಮಾಡಿಸಿಕೊಂಡು, ಅಣೆಕಟ್ಟಿನ ನೀರಿಗೆ ಮೀನಿನ ಮರಿ ಬಿಡಿಸುತ್ತ ನಿವೃತ್ತರಾದರು. ಕೆಲಸ ಹೊಟ್ಟೆಗೆ, ಉಳಿದದ್ದೆಲ್ಲ ಸಮುದ್ರಕ್ಕೆ. ದೋಣಿ ಕಟ್ಟುವವರು, ಬಲೆ ನೇಯುವವರು, ಬುಟ್ಟಿ ಹೊತ್ತ ಹೆಂಗಸರು, ಯಾರನ್ನೂ ಬಿಡದೆ ಫೋಟೋ ತೆಗೆದರು, ಅವರ ಬದುಕಿನ ಬಗ್ಗೆ ಪುಸ್ತಕ ಬರೆದರು. ಕ್ಯಾಮೆರಾ ಎಂದರೆ ಈಗಿನಂಥದಲ್ಲ, ಎದೆಗೆ ನೇತುಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ. ಅದರ ಫಿಲ್ಮು ಅಂಗೈಯಷ್ಟು ಅಗಲ. ನಾನು ಊರಲ್ಲಿ ಅತ್ತೆಯ ಜೊತೆ. ರಜಕ್ಕೆ ಬಂದಾಗ ಹಿತ್ತಲಿನ ಬಚ್ಚಲುಮನೆಯಲ್ಲಿ ಫಿಲ್ಮು ತೊಳೆದು, ಕೆಂಪು ಬಲ್ಬು ಹಾಕಿಕೊಂಡು ಪ್ರಿಂಟ್ ಹಾಕುತ್ತಿದ್ದರು. ಹಾಳಾದ ಆ ಕತ್ತಲಲ್ಲಿ ಟ್ರೇ ಅಲ್ಲಾಡಿಸುವ ಕೆಲಸ ನನ್ನದು. ನಮ್ಮ ಸಂಸಾರದ ಅರ್ಧ ಮಾತುಕತೆ ಅಲ್ಲೇ ಆಗಿದೆ.

ಬಚ್ಚಲುಮನೆಯೇ ಯಾಕೆಂದರೆ ನಮ್ಮತ್ತೆ ಪಾರ್ವತಮ್ಮ. ಮೀನಿನ ಚಿತ್ರ ನಡುಮನೆಯ ಹೊಸ್ತಿಲು ದಾಟಕೂಡದು ಎಂದು ಕಟ್ಟಪ್ಪಣೆ. ಬಾವಿಯ ರಾಟೆಗೆ ಸಿಕ್ಕಿ ನಡುಬೆರಳಿನ ತುದಿ ಹೋಗಿ ಮೊಂಡಾದ ಆ ಕೈಯನ್ನೆತ್ತಿ ಅವರು ಬೈದರೆ ಹಟ್ಟಿಯ ಹಸುವೂ ಕತ್ತು ತಿರುಗಿಸಿ ನೋಡುತ್ತಿತ್ತು.

“ಒಳಕ್ಕೆ ತಂದೀಯ ಮತ್ತೆ. ಫೋಟಾದಾಗೇ ವಾಸ್ನೆ ಹೊಡೀತೈತೆ ಕಣ್ಲಾ ಚಂದ್ರ,” ಎನ್ನುವರು.

“ಕಾಗದಕ್ಕೆ ಎಲ್ಲಿಯ ವಾಸ್ನೆ ಅವ್ವ,” ಎಂದು ಇವರು ನಗುವರು. ಬಡಿದಾಡುತ್ತಿರಲಿಲ್ಲ. ಬಡಿದಾಟಕ್ಕೆಲ್ಲ ನಾನಿದ್ದೆನಲ್ಲ.

ಅತ್ತೆ ಒಳಗೆ ಬಿಟ್ಟುಕೊಂಡದ್ದು ಒಂದೇ ಒಂದು ಫೋಟೋ. ಅದರ ಹೆಸರು ‘ದಡಕ್ಕೆ ಹೊರಟ ದೋಣಿಗಳು’. ಮಳೆಗಾಲ ಹಿಡಿಯುವ ಮುಂಚಿನ ಸಮುದ್ರ, ಕಪ್ಪು ಮೋಡ, ಅಲೆಯ ಮೇಲೆ ಚೂರುಚೂರು ದೋಣಿ. ಮೋಡದಿಂದ ಮೂರು ಬೆಳಕಿನ ಪಟ್ಟೆ ಓರೆಯಾಗಿ ಇಳಿದಿವೆ. ಎರಡು ನೀರಿನವರೆಗೂ ಬಂದಿವೆ, ನಡುವಿನದು ಗಿಡ್ಡ, ಅರ್ಧಕ್ಕೇ ನಿಂತಿದೆ. ಆ ಗಿಡ್ಡ ಪಟ್ಟೆಯ ಬಗ್ಗೆ ಜನ ಬರೆದದ್ದು ಒಂದೆರಡಲ್ಲ. ದೇವರು ಹೇಳಹೊರಟು ನುಂಗಿಕೊಂಡ ಮಾತು ಎಂದು ಒಬ್ಬರು ಬರೆದಿದ್ದರು. ಅದಕ್ಕೆ ಬಹುಮಾನ ಬಂತು, ಅದು ಇವರ ‘ಉಪ್ಪುನೀರಿನ ಊರುಗಳು’ ಪುಸ್ತಕದ ಮುಖಪುಟವಾಯಿತು. ಅದಕ್ಕೆಲ್ಲ ಮೊದಲೇ ಚೌಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಗೆ ಬಂದಿತ್ತು. ಅದರಲ್ಲಿ ಮೀನು ಕಾಣುವುದಿಲ್ಲ, ಅದಕ್ಕೇ ಅತ್ತೆ ಸುಮ್ಮನಿದ್ದಾರೆ ಎಂದುಕೊಂಡಿದ್ದೆ.

ಆ ಬೆಳಕು ಎಲ್ಲಿ ಸಿಕ್ಕಿತು ಎಂದು ಯಾರು ಕೇಳಿದರೂ ಇವರದು ಒಂದೇ ಉತ್ತರ. “ಅದು ನಮ್ಮನೇದು.” ಕೇಳಿದವರು ಅದರಲ್ಲಿ ಏನೋ ಮಹಾ ಅರ್ಥವಿದೆ ಎಂದು ತಲೆಯಾಡಿಸುವರು. ನನಗೆ ಮೈ ಉರಿಯುತ್ತಿತ್ತು. ನೆಟ್ಟಗೆ ಮಲ್ಪೆ ಎನ್ನಲು ಏನು ಕಷ್ಟ ಎಂದು ಬೈದಿದ್ದೇನೆ. ಮೀಸೆಯಲ್ಲೇ ನಗುತ್ತಿದ್ದರು.

ಅವರು ಹೋದ ಮೇಲೆ ಆ ಕಾಲೇಜಿನವರು ಬಂದು ಫೋಟೋ, ನೆಗೆಟಿವ್, ಹಸ್ತಪ್ರತಿ ಎಲ್ಲ ಜೋಪಾನ ಮಾಡುತ್ತೇವೆ ಎಂದು ಕೇಳಿದರು. ಬಿಸ್ಕತ್ತಿನ ಡಬ್ಬಗಳಲ್ಲಿದ್ದ ನೆಗೆಟಿವ್‌ಗಳನ್ನು ಕೊಟ್ಟೆ. ಅದನ್ನೆಲ್ಲ ನೋಡಿಕೊಳ್ಳುವವಳು ತೇಜಶ್ರೀ, ದಿನಾ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಹಾಸನಕ್ಕೆ ಬರುವ ಹುಡುಗಿ. ಗೀರು ಬೀಳಬಾರದೆಂದು ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತಾಳೆ. ಬೂಷ್ಟು ಹಿಡಿದಿದ್ದ ಒಂದೊಂದು ನೆಗೆಟಿವನ್ನೂ ತೊಳೆದು, ಒಣಗಿಸಿ, ಕಂಪ್ಯೂಟರಿಗೆ ಏರಿಸಿದ್ದಳು. ಸಮಿತಿಯಲ್ಲಿ ಮನೋಹರ ಎಂದು ಒಬ್ಬರಿದ್ದಾರೆ, ಹಾಸನದಲ್ಲಿ ಸ್ಟುಡಿಯೋ ಇಟ್ಟವರು. ಚಿಕ್ಕ ವಯಸ್ಸಿನಲ್ಲಿ ಇವರ ಆ ಮೂರು ಪಟ್ಟೆಯ ಫೋಟೋ ನೋಡಿಯೇ ಕ್ಯಾಮೆರಾ ಹಿಡಿದೆ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು.

ಆ ಮನೋಹರರೇ ಅವತ್ತು ಕಾಫಿ ತರಿಸಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಅದೇ ದೋಣಿ, ಅದೇ ಮೋಡ. ಬೆಳಕು ಮಾತ್ರ ಇಲ್ಲ. ಮಸಿ ಬಳಿದಂಥ ಆಕಾಶ.

“ಇದು ಬೇರೆ ಇರಬೇಕು. ಒಂದರ ಹಿಂದೆ ಒಂದು ತೆಗೀತಿದ್ರು ಅವರು,” ಎಂದೆ.

“ಬೇರೆ ಅಲ್ಲ ಅಮ್ಮಾವ್ರೇ. ಅಲೆ, ದೋಣಿ ಎಲ್ಲ ಹೊಂದಿಸಿ ನೋಡಿದ್ವಿ. ಇದೇ ನೆಗೆಟಿವ್. ಇದರಲ್ಲಿ ಬೆಳಕೇ ಬಿದ್ದಿಲ್ಲ.” ಅವರು ಪುಸ್ತಕದ ಮುನ್ನುಡಿ ತೆರೆದು ನನ್ನ ಮುಂದಿಟ್ಟರು. ‘ಕ್ಯಾಮೆರಾ ಕಂಡದ್ದಕ್ಕೆ ನಾನು ಒಂದು ಚುಕ್ಕೆಯನ್ನೂ ಸೇರಿಸಿಲ್ಲ’ ಎಂದು ಇವರೇ ಬರೆದ ಸಾಲು. “ಬೆಳಕನ್ನ ಪ್ರಿಂಟ್ ಹಾಕುವಾಗ ಸೇರಿಸಿದ್ದಾರೆ. ಸೇರಿಸಿದ್ದು ತಪ್ಪಲ್ಲ, ಎಷ್ಟೋ ಜನ ಮಾಡ್ತಾರೆ. ಮಾಡಿಲ್ಲ ಅಂತ ಬರೆದುಬಿಟ್ಟರಲ್ಲ. ಅದು ಸುಳ್ಳು ತಾನೇ.”

ಲೋಟ ಕೆಳಗಿಟ್ಟದ್ದು ಆಗಲೇ.

ಮುಂದಿನ ವಾರ ಸಮಿತಿ ಸೇರುತ್ತದೆ, ಎದುರುಗೋಡೆಗೆ ಹಾಕಬೇಕೆಂದಿದ್ದ ಆ ಚಿತ್ರವನ್ನು ಹಾಕುವುದಿಲ್ಲ, ಒಳಗಿನ ಕಪಾಟಿನಲ್ಲಿ ‘ತಿದ್ದಿದ ಚಿತ್ರ’ ಎಂಬ ಚೀಟಿಯೊಂದಿಗೆ ಇಡುತ್ತೇವೆ ಎಂದರು. ಒಂದು ಸುಳ್ಳಾದರೆ ಉಳಿದವನ್ನೂ ಜನ ನಂಬುವುದಿಲ್ಲವಲ್ಲ ಎಂದು ಪುಸ್ತಕ ಮುಚ್ಚಿದರು. ಅವರ ಮೇಲೆ ಕೂಗಾಡಬೇಕೆಂದಿದ್ದೆ, ಆ ಮುಖ ನೋಡಿ ಆಗಲಿಲ್ಲ. ಮನೆಯ ಹಿರಿಯರನ್ನು ಕಳೆದುಕೊಂಡವರ ಮುಖ ಅದು.

ತೇಜಶ್ರೀ ಬಸ್‌ಸ್ಟ್ಯಾಂಡಿನವರೆಗೂ ಬಂದಳು. “ನನಗೆ ನಂಬಿಕೆ ಬರ್ತಿಲ್ಲ ಅಜ್ಜಿ. ಮನೇಲಿ ಇನ್ನೇನಾದ್ರೂ ಇದ್ರೆ ನೋಡ್ತೀರಾ?” ಎಂದಳು.

“ನೋಡ್ತೀನಿ ಕಣವ್ವ. ನೋಡ್ದೆ ಬುಟ್ಟೇನಾ,” ಎಂದು ಬಸ್ಸು ಹತ್ತಿದೆ.

ಹೊಳೆನರಸೀಪುರ ಬರುವವರೆಗೂ ಕಿಟಕಿಯಾಚೆ ಏನೂ ಕಾಣಲಿಲ್ಲ. ಸಿಟ್ಟು ಮೊದಲು ಮನೋಹರರ ಮೇಲಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಇವರ ಮೇಲೆ ತಿರುಗಿತು. ಅಷ್ಟು ವರ್ಷ ಟ್ರೇ ಅಲ್ಲಾಡಿಸಿದವಳಿಗೆ ಹೇಳದೆ ಏನು ಮಾಡಿದಿರಿ ಎಂದು ಒಳಗೊಳಗೇ ಕೇಳಿದೆ. ಆ ಫೋಟೋ ಪ್ರಿಂಟಾದಾಗ ಮಾತ್ರ ನಾನು ಬಚ್ಚಲುಮನೆಯಲ್ಲಿರಲಿಲ್ಲ. ಮೊದಲ ಹೆರಿಗೆಗೆ ಅರಕಲಗೂಡಿಗೆ ಹೋಗಿದ್ದೆ. ಮಗು ಎತ್ತಿಕೊಂಡು ವಾಪಸು ಬಂದಾಗ ಫೋಟೋ ಆಗಲೇ ಗೋಡೆಯ ಮೇಲಿತ್ತು. ಗಂಡ ಸತ್ತ ಮೇಲೆ ಅವನನ್ನು ಅನುಮಾನಿಸುವ ಪಾಪ ಯಾವ ಹೆಂಗಸಿಗೂ ಬೇಡ.

ಮರುದಿನ ಬೆಳಗ್ಗೆ ಮಗನ ಕೈಲಿ ಅಟ್ಟದ ಮೇಲಿಂದ ಅತ್ತೆಯ ತಗಡಿನ ಟ್ರಂಕು ಇಳಿಸಿದೆ. ಕಾಲೇಜಿನವರಿಗೆ ಕೊಡದೆ ಉಳಿದ ಎರಡು ಡಬ್ಬ ಅದರಲ್ಲಿದ್ದವು. ‘ಇವು ಮನೇಲೇ ಇರಲಿ’ ಎಂದು ಇವರು ಬದುಕಿದ್ದಾಗಲೇ ಬೇರೆ ತೆಗೆದಿಟ್ಟವು. ಕೆಟ್ಟುಹೋದವು ಇರಬೇಕೆಂದು ನಾನು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಮೊದಲ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ದೋಣಿ, ಸುತ್ತ ನೀರು. ಅದರ ಮೇಲೆ ಅಡ್ಡಕ್ಕೆ ಬಿಳೀ ಬೂಷ್ಟು. ಎರಡನೆಯದರಲ್ಲೂ ಬೂಷ್ಟು. ಮೂರನೆಯದರಲ್ಲೂ. ಬೂಷ್ಟು ಮೂಲೆಮೂಲೆಗೆ ಹಬ್ಬುತ್ತದೆ, ಸಾಲಾಗಿ ಮೂರು ಗೆರೆ ಎಳೆದುಕೊಂಡು ಕೂರುತ್ತದೆಯೇ? ಉಗುರಿನಲ್ಲಿ ಸ್ವಲ್ಪ ಕೆರೆದು ಮೂಸಿದೆ. ನಮ್ಮ ದೇವರ ಮನೆಯ ವಾಸನೆ. ಪ್ರತಿಯೊಂದರಲ್ಲೂ ಮೇಲಿನ ಗೆರೆ ಉದ್ದ, ಕೆಳಗಿನದು ಉದ್ದ, ನಡುವಿನದು ಗಿಡ್ಡ.

ತೆರೆದಿದ್ದ ಟ್ರಂಕಿನ ಮುಚ್ಚಳದ ಒಳಮೈ ನೋಡಿದೆ. ಅಲ್ಲೂ ಹಳೇ ವಿಭೂತಿಯ ಮೂರು ಗೆರೆ, ನಡುವಿನದು ಗಿಡ್ಡ. ಎದ್ದು ನಡುಮನೆಗೆ ಹೋಗಿ ಗೋಡೆಯ ಮೇಲಿನ ಫೋಟೋ ನೋಡಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ.

ಅತ್ತೆ ಬೆಳಗಿನ ಪೂಜೆ ಮುಗಿಸಿ ಮೂರು ಬೆರಳು ಒದ್ದೆ ಮಾಡಿ ವಿಭೂತಿಗಟ್ಟಿಯ ಮೇಲೆ ಉಜ್ಜಿಕೊಂಡು ಎದ್ದರೆಂದರೆ ಮನೆಯಲ್ಲಿ ಯಾವುದನ್ನೂ ಬಿಡುತ್ತಿರಲಿಲ್ಲ. ಬಾಗಿಲ ಚೌಕಟ್ಟು, ರಾಗಿಯ ಕಣಜ, ಹಸುವಿನ ಹಣೆ, ಪರೀಕ್ಷೆಗೆ ಹೊರಟ ಮಕ್ಕಳು, ನನ್ನ ಮಗನ ಮೊದಲ ಸೈಕಲ್ಲಿನ ಹ್ಯಾಂಡಲ್ಲು. ಮೊಂಡು ನಡುಬೆರಳು ಪೂರಾ ತಾಗದೆ ನಡುವಿನ ಗೆರೆ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಹಣೆ ನೋಡಿಯೇ ಊರವರು ಪಾರ್ವತಮ್ಮನ ಮನೆಯವರು ಎನ್ನುತ್ತಿದ್ದರು. ಆ ಅಮ್ಮ ಸ್ನಾನದ ನೀರಿಗೆ ಉರಿ ಹಾಕಲು ಬಚ್ಚಲುಮನೆಗೆ ಹೋದಾಗ ಅಲ್ಲಿ ತಂತಿಯ ಮೇಲೆ ಮಗನ ಫಿಲ್ಮು ಒಣಗುತ್ತಿರುತ್ತಿತ್ತು. ವಾಸನೆ, ಮೈಲಿಗೆ ಎಂದು ನಮ್ಮೆದುರು ಅರಚುತ್ತಿದ್ದವರು ಯಾರೂ ಇಲ್ಲದಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದಾರೆ. ಪುಸ್ತಕಗಳಲ್ಲಿರುವ ಅಂಗಡಿ, ದಡ, ಸಂತೆಯ ಒಂದು ಚಿತ್ರಕ್ಕೂ ಗೆರೆಯಿಲ್ಲ. ಸುತ್ತ ನೀರಿದ್ದ ಚಿತ್ರಗಳಿಗೆ ಮಾತ್ರ ಇದೆ. ಅಂಥ ಚಿತ್ರ ತೆಗೆಯಬೇಕಾದರೆ ಮಗನೂ ಯಾವುದೋ ದೋಣಿಯಲ್ಲಿ ನಿಂತಿರಬೇಕಲ್ಲ. ಹೊಳೆಯನ್ನಲ್ಲದೆ ಬೇರೆ ನೀರು ನೋಡದ ಹೆಂಗಸು ಅಲ್ಲಿಗೇ ವಿಭೂತಿ ಹಚ್ಚಿದ್ದಾರೆ.

ಎರಡು ಡಬ್ಬಗಳೂ ಅಂಥವೇ. ಸಮುದ್ರದ ಮಧ್ಯೆ ತೆಗೆದ, ಯಾವ ಪುಸ್ತಕಕ್ಕೂ ಹೋಗದ ಚಿತ್ರಗಳು. ಇವರು ಒಂದನ್ನೂ ಒರೆಸಿಲ್ಲ, ಪ್ರಿಂಟೂ ಹಾಕಿಲ್ಲ. ಅವ್ವನಿಗೆ ‘ಫಿಲ್ಮು ಹಾಳಾಯ್ತು’ ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಗೋಡೆಯ ಮೇಲಿನ ಆ ಒಂದರಲ್ಲಿ ಮಾತ್ರ ಗೆರೆ ಓರೆಯಾಗಿ ಬಿದ್ದು, ಬೂದಿ ಕೂತು ಬೆಳಕು ತಡೆದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬಂದಿದೆ. ಅದನ್ನು ಚೌಕಟ್ಟು ಹಾಕಿಸಿ ಅವ್ವನ ಮುಂದೆ ತಂದಿದ್ದಾರೆ. ಅವ್ವ ತನ್ನ ಕೈಯ ಗುರುತು ಹಿಡಿಯದೆ ಇರುತ್ತಾರೆಯೇ? ಅದಕ್ಕೇ ಅದು ಹೊಸ್ತಿಲು ದಾಟಿದ್ದು. ತಾಯಿ ಮಗ ಇಬ್ಬರೂ ನನಗೆ ಒಂದು ಮಾತು ಹೇಳಲಿಲ್ಲ. ಅಳುವೂ ಬಂತು, ಸಿಟ್ಟೂ ಬಂತು. ನಿಮ್ಮನ್ನು ಅನುಮಾನಿಸಿದೆನಲ್ಲ ಎಂದು ಇವರ ಫೋಟೋಗೆ ಕೈ ಮುಗಿದೆ. ಪಕ್ಕದಲ್ಲೇ ಅತ್ತೆಯ ಫೋಟೋ ಇತ್ತು. ಸತ್ತ ಮೇಲೂ ನೀವೇ ಗೆದ್ದಿರಿ ಎಂದು ಅವರಿಗೂ ಮುಗಿದೆ.

ಸಮಿತಿ ಸೇರುವ ದಿನ ಡಬ್ಬ, ಗೋಡೆಯ ಫೋಟೋ, ವಿಭೂತಿಗಟ್ಟಿ ಎಲ್ಲ ಚೀಲಕ್ಕೆ ಹಾಕಿಕೊಂಡು ಹಾಸನಕ್ಕೆ ಹೋದೆ. ಅತ್ತೆಯ ಟ್ರಂಕನ್ನೂ ಮಗನ ಕೈಲಿ ಹೊರಿಸಿದೆ. ಮನೋಹರರ ಮುಂದೆ ಮುಚ್ಚಳ ತೆರೆದು ತೋರಿಸಿದೆ, ನೆಗೆಟಿವ್‌ಗಳನ್ನು ತೋರಿಸಿದೆ, ಆ ಫೋಟೋವನ್ನು ಪಕ್ಕದಲ್ಲಿಟ್ಟೆ. ಅವರು ಕನ್ನಡಕ ತೆಗೆದು, ಭೂತಗನ್ನಡಿ ಹಿಡಿದು, ಒಂದೊಂದನ್ನೂ ನೋಡಿದರು. ತೇಜಶ್ರೀ ಒಂದು ನೆಗೆಟಿವನ್ನು ಯಂತ್ರಕ್ಕೆ ಇಟ್ಟಳು. ಪರದೆಯ ಮೇಲೆ ಕಪ್ಪು ಸಮುದ್ರ ಬಂತು, ಅದರ ಮೇಲೆ ಮೂರು ಬೆಳ್ಳನೆಯ ಪಟ್ಟೆ, ನಡುವಿನದು ಗಿಡ್ಡ.

ತೇಜಶ್ರೀ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಜ್ಜಿ, ದೋಣಿಗಳ ಆ ನೆಗೆಟಿವನ್ನ ನಾನು ತೊಳೆದುಬಿಟ್ಟೆ. ಅದು ಬೂಷ್ಟಿನ ಥರ ಅಂಟಿರಲಿಲ್ಲ, ಬೂದಿ ಥರ ಬಿಟ್ಕೊಂಡು ಹೋಯ್ತು. ಆಗಲೇ ನಿಲ್ಲಿಸಬೇಕಿತ್ತು.” ಅವಳ ಕಣ್ಣಲ್ಲಿ ನೀರು ನಿಂತಿತ್ತು.

“ನಿಂಗೇನ್ ಗೊತ್ತಿತ್ತು ಮಗ. ಜೊತೇಲೇ ಬಾಳಿದ್ ನಂಗೇ ಗೊತ್ತಿರ್ನಿಲ್ಲ,” ಎಂದೆ.

ಮನೋಹರ ಒಂದು ನೆಗೆಟಿವನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು. ಸ್ವಭಾವ ಎಲ್ಲಿ ಹೋಗುತ್ತದೆ, ಕೊನೆಗೂ ಕೇಳಿದರು. “ಸೇರಿಸಿದ್ದು ಅವರಲ್ಲ, ಒಪ್ಪಿದೆ ಅಮ್ಮಾವ್ರೇ. ಆದ್ರೆ ಪ್ರಿಂಟ್ ಹಾಕೋ ಮುಂಚೆ ಅವರ ಕಣ್ಣಿಗೆ ಬಿದ್ದೇ ಇರುತ್ತೆ. ಒಂದು ಹತ್ತಿಯಲ್ಲಿ ಒರೆಸಿದ್ರೆ ಮುಗೀತಿತ್ತು. ಯಾಕೆ ಒರೆಸಲಿಲ್ಲ?”

ನನಗೆ ರೇಗಿತು. “ನಿಮ್ಮವ್ವ ನಿಮ್ ಹಣೇಗೆ ಕುಂಕುಮ ಇಟ್ಟು ಕಳಿಸ್ತಾರಲ್ಲ, ಬೀದಿಗೆ ಬಂದ್ಮೇಲೆ ಒರೆಸ್ಕತೀರಾ ಸಾ? ಅವ್ವ ಇಟ್ಟ ವಿಭೂತಿನ ನಮ್ಮನೆಯವರು ಯಾವತ್ತೂ ಅಳಿಸ್ದೋರಲ್ಲ. ಹಣೇದಾದ್ರೂ ಅಷ್ಟೆ, ಫಿಲ್ಮಿಂದಾದ್ರೂ ಅಷ್ಟೆ. ಎರಡ್ ಡಬ್ಬ ಕೆಲ್ಸ ಅಂಗೇ ಮನೇಲಿ ಮಡಗಿ ಸತ್ರು. ಬೆಳಕು ಎಲ್ಲೀದು ಅಂತ ಕೇಳ್ದೋರಿಗೆಲ್ಲ ನಮ್ಮನೇದು ಅಂತ ನಿಜವೇ ಏಳಿದ್ರು. ಸೂರ್ಯಂದು ಅಂತ ಬರ್ಕಂಡೋರು ನೀವು.”

ಅವರು ಎದ್ದು ಬಂದು ಆ ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದುರುಗೋಡೆಯ ಬಳಿಗೆ ತಾವೇ ಹೋದರು. ತೂಗುಹಾಕುವ ಮೊಳೆ ಆಗಲೇ ಅಲ್ಲಿತ್ತು. ಹೊಸ ಪ್ರಿಂಟ್ ಬೇಡ, ಮನೆಯಲ್ಲಿದ್ದ ಇದೇ ಇರಲಿ ಎಂದರು.

ಚೀಟಿಯ ಮೇಲೆ ಏನು ಬರೆಯಬೇಕೆಂದು ಸಮಿತಿ ನನ್ನನ್ನು ಕೇಳಿತು. ನಾನು ಹೇಳಿದ್ದನ್ನೇ ಅಚ್ಚು ಹಾಕಿಸಿದ್ದಾರೆ. ‘ದಡಕ್ಕೆ ಹೊರಟ ದೋಣಿಗಳು. ಛಾಯಾಚಿತ್ರ: ಚಂದ್ರಶೇಖರಯ್ಯ. ಬೆಳಕು: ಪಾರ್ವತಮ್ಮ.’ ಜೀವಮಾನವಿಡೀ ಟ್ರೇ ಅಲ್ಲಾಡಿಸಿದ ನನ್ನ ಹೆಸರು ಅದರಲ್ಲಿಲ್ಲ. ತೇಜಶ್ರೀ ಸೇರಿಸೋಣ ಎಂದಳು, ನಾನೇ ಬೇಡ ಎಂದೆ. ಆ ಚಿತ್ರಕ್ಕೆ ನಾನಿರಲಿಲ್ಲ, ತಾಯಿ ಮಗನೇ ಇದ್ದದ್ದು.

ಉಳಿದ ಎರಡು ಡಬ್ಬವನ್ನೂ ಅಲ್ಲಿಗೇ ಕೊಟ್ಟೆ, ಒಂದನ್ನೂ ತೊಳೆಯಕೂಡದು ಎಂಬ ಮಾತಿನ ಮೇಲೆ. ತೇಜಶ್ರೀ ಮೇಜು ಒರೆಸಿ, ಗ್ಲೌಸ್ ಹಾಕಿಕೊಂಡು, ಡಬ್ಬ ತೆರೆಯುವ ಮುಂಚೆ ನನ್ನ ಹತ್ತಿರ ಬಂದು ಬಗ್ಗಿ ನಿಂತಳು. “ಅಜ್ಜಿ, ಗಟ್ಟಿ ತಂದಿದ್ದೀರಲ್ಲ. ನನಗೂ ಇಡಿ,” ಎಂದಳು.

ನೀರು ತರಿಸಿ ಮೂರು ಬೆರಳು ಒದ್ದೆ ಮಾಡಿಕೊಂಡೆ. ಗಟ್ಟಿಯ ಮೇಲೆ ಉಜ್ಜಿ ಅವಳ ಹಣೆಯ ಮೇಲೆ ಎಳೆದೆ. ಅರ್ಧಕ್ಕೆ ಬಂದಾಗ ನಡುಬೆರಳನ್ನು ಬೇಕೆಂದೇ ಎತ್ತಿಕೊಂಡೆ.